ಬಾವುಟ ಕಟ್ಟುತ್ತಿದ್ದ ಕಾಕ

ಅವರ ಬಲಗೈಯ ತೋರುಬೆರಳು ಕೊಕ್ಕೆಯ ಹಾಗೆ ಬಾಗಿತ್ತು. ಆ ಬೆರಳಿನಿಂದಲೇ ಅವರು ಬಾವುಟದ ಹಗ್ಗಕ್ಕೆ ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುವ ಗಂಟು ಹಾಕುತ್ತಿದ್ದರು. ಬಾವುಟದ ಮಡಿಕೆಯೊಳಗೆ ಹಿಡಿಯಷ್ಟು ಸೇವಂತಿಗೆ ಎಸಳು. ಶಾಲೆಯಲ್ಲಿ ನಾವು ಐದು ಜನ ಮಾಷ್ಟ್ರುಗಳಿದ್ದರೂ ಆ ಗಂಟು ಯಾರಿಗೂ ಬರುತ್ತಿರಲಿಲ್ಲ.

ಬೆಳ್ತಂಗಡಿಯಿಂದ ಚಾರ್ಮಾಡಿಗೆ ಹೋಗುವ ರಸ್ತೆಯಲ್ಲಿ, ನಮ್ಮ ಶಾಲೆಯ ಎದುರಿಗೆ ಅವರ ಅಂಗಡಿ. ಬ್ಯಾರಿಗಳು, ಎಂದರೆ ನಮ್ಮ ಕಡೆಯ ಮುಸ್ಲಿಮರು; ಊರಿಗೆಲ್ಲ ಕಾಕ. ಪೆನ್ಸಿಲು ಕೊಂಡ ಮಕ್ಕಳಿಗೆ, "ತುದಿ ಮುರಿದರೆ ತಾ, ಕೆತ್ತಿ ಕೊಡ್ತೇನೆ. ಮಾಷ್ಟ್ರ ಹತ್ತಿರ ಪೆಟ್ಟು ತಿನ್ನಬೇಡ" ಎನ್ನುತ್ತಿದ್ದರು, ನನಗೆ ಕೇಳುವಂತೆಯೇ.

ಒಂದು ಗಣರಾಜ್ಯೋತ್ಸವಕ್ಕೆ, ಪ್ರತಿವರ್ಷ ಲಾಡು ಕೊಡುವವರೆಂದು, ಅವರಿಗೂ ಎರಡು ಮಾತಾಡಲು ಹೇಳಿದೆವು. ಕಾಕ ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಮಕ್ಕಳೇ, ಮೊದಲು ಸ್ವಾತಂತ್ರ್ಯದ ದಿನ ಅಂತ ಇದ್ದದ್ದು ಇವತ್ತೇ. ಬ್ರಿಟಿಷರು ಇರುವಾಗಲೇ, ಬಂಟ್ವಾಳದಲ್ಲಿ ನಮ್ಮ ತಂದೆ ಇದೇ ದಿನ ಬಾವುಟ ಹಿಡಿದು ಪ್ರತಿಜ್ಞೆ ಮಾಡಿದ್ದು..."

ನಾನು ಮೈಕ್ ತೆಗೆದುಕೊಂಡೆ. "ಕಾಕ, ಅದು ಆಗಸ್ಟ್ ಹದಿನೈದು. ನೀವು ಲಾಡು ಹಂಚಿ, ಚರಿತ್ರೆ ನಾವು ನೋಡಿಕೊಳ್ತೇವೆ."

ಮಕ್ಕಳು ನಕ್ಕರು. ಊರವರು ಕೂತಿದ್ದ ಹಿಂದಿನ ಸಾಲಿನಿಂದ ಒಬ್ಬ, "ಅವರಿಗೆ ಯಾವ ದಿನವಾದರೂ ಒಂದೇ ಮಾರಾಯ!" ಎಂದ. ದೊಡ್ಡವರೂ ನಕ್ಕರು. ಅದು ಎಂಥ ನಗು ಎಂದು ನನಗೆ ಗೊತ್ತಿತ್ತು. ಆದರೂ ಮುಂದಿನ ಹಾಡಿಗೆ ಮಕ್ಕಳನ್ನು ಕರೆದೆ.

"ನಮ್ಮ ತಂದೆ ಸುಳ್ಳು ಹೇಳುವವರಲ್ಲ ಮಾಷ್ಟ್ರೇ" ಎಂದರು ಕಾಕ, ನನಗೆ ಮಾತ್ರ ಕೇಳುವಷ್ಟು.

ಎರಡು ವರ್ಷ ಕಳೆದು, ಒಂದು ತರಬೇತಿಯಲ್ಲಿ ಕೊಟ್ಟ ಪುಸ್ತಕದಲ್ಲಿ ಓದಿದೆ. ಸಾವಿರದ ಒಂಬೈನೂರ ಮೂವತ್ತರಲ್ಲಿ ಜನವರಿ ಇಪ್ಪತ್ತಾರನ್ನು ಪೂರ್ಣ ಸ್ವರಾಜ್ಯದ ದಿನವೆಂದು ದೇಶವಿಡೀ ಆಚರಿಸಿ ಪ್ರತಿಜ್ಞೆ ಮಾಡಿದ್ದರು. ಆಮೇಲೆ ಬ್ರಿಟಿಷರು ಹೋಗುವವರೆಗೆ ವರ್ಷ ವರ್ಷವೂ ಅದೇ ಸ್ವಾತಂತ್ರ್ಯ ದಿನ. ಆ ದಿನದ ನೆನಪಿಗೇ ಸಂವಿಧಾನವೂ ಅಂದೇ ಜಾರಿಗೆ ಬಂದದ್ದು. ಬಸ್ಸಿಳಿದವನೇ ಅಂಗಡಿಗೆ ಹೋದೆ.

"ಕಾಕ, ಅವತ್ತು ನೀವು ಹೇಳಿದ್ದೇ ಸರಿ."

"ನನಗೆ ಗೊತ್ತುಂಟಲ್ಲ. ನನ್ನ ಹತ್ತಿರ ಯಾಕೆ ಹೇಳುವುದು? ಮೈಕಲ್ಲಿ ಹೇಳಿ ಮಾಷ್ಟ್ರೇ."

ಹೇಳ್ತೇನೆ ಎಂದೆ.

ಮುಂದಿನ ಜನವರಿಗೆ ಹೇಳಿದೆ ಕೂಡ. ಚರಿತ್ರೆಯನ್ನು ಮಾತ್ರ. ಅಂದು ಹಿಂದಿನಿಂದ ಕೂಗಿದವನು ಈಗ ಶಾಲಾ ಸಮಿತಿಯ ಅಧ್ಯಕ್ಷ, ನನ್ನ ಪಕ್ಕದ ಕುರ್ಚಿಯಲ್ಲಿದ್ದ. ಕಾಕನ ಹೆಸರು, ಅವರ ತಂದೆಯ ವಿಷಯ, ನನ್ನ ತಪ್ಪು ನಾಲಿಗೆಯವರೆಗೆ ಬಂದು ನಿಂತವು. "ಮಾಷ್ಟ್ರು ಭಾರೀ ಓದಿದ್ದಾರೆ" ಎಂದು ಅಧ್ಯಕ್ಷ ಹೊಗಳಿದ. ಚಪ್ಪಾಳೆ ಬಿತ್ತು. ಕಾಕ ಧ್ವಜಕಂಬದ ಬಳಿ, ಮೈಕಿನ ವಯರು ಸುತ್ತಿ ಒಳಗಿಡುವವರೆಗೂ ನಿಂತಿದ್ದರು. ಆಮೇಲೆ ಲಾಡಿನ ಡಬ್ಬಿ ಎತ್ತಿಕೊಂಡು ರಸ್ತೆ ದಾಟಿದರು. ಮತ್ತೆಂದೂ ಆ ಮಾತೆತ್ತಲಿಲ್ಲ. ಬಾವುಟ ಕಟ್ಟಲು ಬರುವುದನ್ನೂ ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಸ್ವಲ್ಪ ಹಗುರವಾಗುತ್ತಿತ್ತು.

ಕಳೆದ ಮಳೆಗಾಲದಲ್ಲಿ ತೀರಿಕೊಂಡರು. ಹೋಗಿದ್ದೆ, ಅವರ ಮಗನ ಕೈ ಹಿಡಿದುಕೊಂಡೆ, ಹೇಳಬೇಕಾದ್ದನ್ನು ಅಲ್ಲಿಯೂ ಹೇಳಲಿಲ್ಲ.

ಈ ಜನವರಿಯಲ್ಲಿ ಹೇಳಿದೆ. ಅವರ ಹೆಸರು, ಅವರ ತಂದೆಯ ಪ್ರತಿಜ್ಞೆ, ನಾನು ಮೈಕ್ ಕಿತ್ತುಕೊಂಡದ್ದು, ಎಲ್ಲವನ್ನೂ. ಯಾರೂ ನಗಲಿಲ್ಲ. ಅಧ್ಯಕ್ಷ ತಲೆ ತಗ್ಗಿಸಿ ಕೇಳಿದ. ಒಟ್ಟು ಎರಡು ನಿಮಿಷವೂ ಹಿಡಿದಿರಲಿಕ್ಕಿಲ್ಲ. ಇಷ್ಟು ಸಣ್ಣ ಕೆಲಸಕ್ಕೆ ನಾನು ಆ ಮನುಷ್ಯ ಸಾಯುವವರೆಗೆ ಕಾದೆ.