ಮಗಳ ಬಾಣಂತನಕ್ಕೆ ಹಾಕಿದ ಟೈಲ್ಸು

ಚಳ್ಳಕೆರೆಯಲ್ಲಿ ಟೈಲ್ಸ್ ಹಾಕೋರು ಬೇಕು ಅಂತ ಯಾರನ್ನ ಕೇಳಿದ್ರೂ ನಮ್ಮ ಭಾವನ ಮನೆ ತೋರಿಸ್ತಾರೆ. ನನ್ನ ಗಂಡನ ಸ್ವಂತ ಅಣ್ಣ. ಊರಲ್ಲಿ ಈ ಕೆಲಸ ಮಾಡೋರು ಬಹಳಷ್ಟು ಮಂದಿ ಆತನ ಕೈಕೆಳಗೆ ಕಲಿತೋರೇ. ಅಂಥಾ ಮೇಸ್ತ್ರಿ ಗೋಡೆಯಾಚೆ ಇರುವಾಗ ನಾನು ಸೆರಗು ಸಿಕ್ಕಿಸ್ಕೊಂಡು, ಮೊಣಕಾಲೂರಿ, ನಮ್ಮ ಬಚ್ಚಲಿಗೆ ನಾನೇ ಟೈಲ್ಸ್ ಹಾಕಿದೆ ಅಂದ್ರೆ ಜನ ನಗ್ತಾರೆ. ನಗಲಿ. ನಗೋರಿಗೆಲ್ಲ ಮನೇಲಿ ಬಚ್ಚಲು ಐತಲ್ಲ.

ನಮಗೆ ಇರಲಿಲ್ಲ. ಮನೆ ಪಾಲಾದಾಗ ಬಚ್ಚಲು ಭಾವನ ಭಾಗಕ್ಕೆ ಹೋಯ್ತು. ನಡುಮನೆಗೆ ಅಡ್ಡಗೋಡೆ ಎದ್ದಿತು. "ನೀರು ಹಾಕ್ಕೊಳ್ಳಾಕೆ ಬರ್ರಿ, ನಾನೇನು ಬ್ಯಾಡ ಅಂದೆನಾ?" ಅಂತ ಭಾವ ಹಿರೀಕರ ಮುಂದೆ ದೊಡ್ಡ ಮನಸ್ಸು ತೋರಿಸಿದ್ರು. ಮಾರನೇ ಬೆಳಿಗ್ಗೆ ಬಕೆಟ್ ಹಿಡ್ಕೊಂಡು ಹೋದ್ರೆ ವಾರಗಿತ್ತಿ ಒಳಗಿಂದ ಚಿಲಕ ಹಾಕಿದ್ದಳು. ಅವತ್ತು ನಿಂತ ಮಾತು ಇವತ್ತಿನವರೆಗೂ ನಿಂತೇ ಐತೆ. ನಮ್ಮ ಸ್ನಾನವೆಲ್ಲ ಹಿತ್ತಲಲ್ಲಿ, ತಗಡಿನ ಮರೆಯಲ್ಲಿ. ನನ್ನ ಮಗಳು ಅಲ್ಲೇ ನೀರು ಹಾಕ್ಕೊಂಡು ಬೆಳೆದಳು. ಹೊರಗೆ ಯಾರಾದ್ರೂ ಓಡಾಡಿದ್ರೆ ಚೊಂಬು ಹಿಡ್ಕೊಂಡು ಉಸಿರು ಬಿಗಿಹಿಡಿದು ಕೂತಿರ್ತಿದ್ದಳು. ಅದನ್ನ ನಾನು ಯಾವತ್ತೂ ಮರೆಯಲ್ಲ.

ಅವಳನ್ನ ಮೊಳಕಾಲ್ಮೂರಿಗೆ ಕೊಟ್ವಿ. ಸೀಮಂತಕ್ಕೆ ಹೋದಾಗ, ತುಂಬಿದ ಹೆಂಗಸರ ಮಧ್ಯೆ, ಅಳಿಯನ ಅವ್ವ ಕೇಳಿದ್ರು, "ಬೀಗತಿ, ಚೊಚ್ಚಲು ಹೆರಿಗೆ, ತವರಿಗೆ ಕಳಿಸಬೇಕು ಸರಿ. ಆದ್ರೆ ಬಾಣಂತಿಗೆ ಹಿತ್ತಲಲ್ಲಿ ನೀರು ಹಾಕ್ತೀರಾ?" ಅವರು ಕೆಟ್ಟ ಹೆಂಗಸಲ್ಲ. ಕೇಳಿದ್ದೂ ಸುಳ್ಳಲ್ಲ. ಅದಕ್ಕೇ ನನಗೆ ಮೈಯೆಲ್ಲ ಉರಿದುಹೋಯ್ತು. "ನೀವು ಕರ್ಕೊಂಡು ಬರೋ ಹೊತ್ತಿಗೆ ಟೈಲ್ಸ್ ಹಾಕಿದ ಬಾತ್‌ರೂಮ್ ರೆಡಿ ಇರ್ತೈತೆ" ಅಂದುಬಿಟ್ಟೆ. ನನಗೆ ಬೇಕಾಗಿದ್ದು ಇಷ್ಟೇ, ಮಗಳ ಬಾಣಂತನ ನನ್ನ ಮನೇಲಿ, ನನ್ನ ಕೈಯಲ್ಲಿ ಆಗಬೇಕು. ನಮ್ಮವ್ವ ನನಗೆ ಮಾಡಿದ್ದಳು. ನಾನು ನನ್ನ ಮಗಳಿಗೆ ಮಾಡಬೇಡವಾ?

ಹಿಂದಿನ ದನದ ಕೊಟ್ಟಿಗೆ ಜಾಗದಲ್ಲಿ ಗೋಡೆ ಎದ್ದಿತು, ಶೀಟು ಬಿತ್ತು, ಪೈಪು ಬಂತು. ಟೈಲ್ಸ್ ಅನ್ನೋ ಹೊತ್ತಿಗೆ ಊರಿನ ಟೈಲ್ಸ್ ಕೆಲಸದೋರ ಎಲ್ಲಾರ ಕೈಯೂ ಹಿಂದಕ್ಕೆ ಹೋಯ್ತು. "ಅಕ್ಕ, ಮೇಸ್ತ್ರಿ ಮನೆ ಕೆಲಸಕ್ಕೆ ನಾವು ಕೈ ಹಾಕಂಗಿಲ್ಲ. ಅವರು ಒಂದು ಮಾತು ಹೇಳಿದ್ರೆ ನಾಳೆನೇ ಬರ್ತೀವಿ." ಈ ಕೆಲಸದೋರಲ್ಲಿ ಅದೊಂದು ರಿವಾಜು. ಗುರುವಿನ ಮನೆಗೆ ಗುರು ಕರೆಯದೆ ಕರಣೆ ತಗೊಂಡು ಹೋದ್ರೆ ಆತನ ಕೆಲಸ ಸರಿಯಿಲ್ಲ ಅಂದಂಗಂತೆ. ಮನೆ ಪಾಲಾಗೈತಪ್ಪಾ, ಇದು ಬೇರೆ ಮನೆ ಅಂದ್ರೆ ತಲೆ ಕೆರ್ಕೊಂಡು ನಗ್ತಿದ್ರು. ಹೊರಗಿನೋರು ಕುದಾಪುರದ ಕಡೆ ದೊಡ್ಡ ಕಟ್ಟಡಗಳ ಕೆಲಸಕ್ಕೆ ಹೋದೋರು, ನಮ್ಮ ಒಂದು ಬಚ್ಚಲಿಗೆ ಯಾಕೆ ಬರ್ತಾರೆ?

"ಅಣ್ಣನ್ನ ಒಂದು ಮಾತು ಕೇಳಾನ ಬಿಡೆ" ಅಂದ್ರು ನಮ್ಮ ಮನೆಯವರು. ಎಣ್ಣೆ ಮಿಲ್ಲಿನಿಂದ ಬಂದು ಕೈಕಾಲು ತೊಳೀತಿದ್ರು. "ಕೇಳ್ರಿ. ಹಂಗೇ ಅಲ್ಲೇ ಊಟ ಮಾಡ್ಕೊಂಡು ಅಲ್ಲೇ ಮಲಗ್ರಿ" ಅಂದೆ. ಆಮೇಲೆ ಅವರು ಆ ಮಾತು ಎತ್ತಲಿಲ್ಲ.

ಟೈಲ್ಸ್ ಅಂಗಡಿ ಸಾಬರು ಒಳ್ಳೇ ಮನುಷ್ಯ. ನುಣುಪು ಟೈಲ್ಸ್ ಮುಟ್ಟೋಕೇ ಬಿಡಲಿಲ್ಲ. "ನಕ್ಕೋ ಅಮ್ಮಾ, ಅದು ಬ್ಯಾಡ, ಎಣ್ಣೆ ನೀರು ಬಿದ್ರೆ ಜಾರ್ತೈತೆ, ಖರಖರ ಇರೋದು ತಗೋರಿ" ಅಂದ್ರು. ಕತ್ತರಿಸೋ ಮಷೀನೂ ಕೊಟ್ಟು ಕಳಿಸಿದ್ರು. ಇನ್ನೆಲ್ಲ ಫೋನಿನಲ್ಲಿ ನೋಡಿ ಕಲಿತಿದ್ದು. ಯಾರ್ಯಾರದೋ ಮನೆ, ಯಾರ್ಯಾರದೋ ಬಾತ್‌ರೂಮು. ನೋಡಿ ನೋಡಿ ತಲೇಲಿ ಒಂದು ಚಿತ್ರ ಕೂತಿತು. ಕಮೋಡು ಎತ್ತರದಲ್ಲಿ ಇರಬೇಕು. ಸ್ನಾನದ ನೀರು ಆ ಕಡೆ ಹೋಗದಂಗೆ ನಡುವೆ ಗಿಡ್ಡ ಕಟ್ಟೆ ಇರಬೇಕು. ನೀಟಾಗಿ ಕಾಣಬೇಕು.

ಮೊದಲ ಸಾಲು ಹಾವು ಹೋದಂಗೆ ಹೋಯ್ತು. ಕಿತ್ತೆ. ಮತ್ತೆ ಹಾಕಿದೆ. ಸಿಮೆಂಟು ಬೆರಳ ಸಂದಿಯೆಲ್ಲ ತಿಂದುಹಾಕ್ತು, ಅನ್ನಕ್ಕೆ ಸಾರು ಕಲಸಿದ್ರೆ ಉರಿಗೆ ಪ್ರಾಣ ಹೋಗೋದು. ಮನೆಯವರು ರಾತ್ರಿಪಾಳಿ ಇಲ್ಲದ ದಿನ ಕಲಸಿ ಕೊಡೋರು, ನಾನು ಕೂರಿಸೋಳು. ಒಂದೊಂದು ಟೈಲ್ಸನ್ನೂ ರಬ್ಬರ್ ಸುತ್ತಿಗೆಯಲ್ಲಿ ಟಪಟಪ ಬಡಿದು ಕಿವಿಯಿಟ್ಟು ಕೇಳ್ತಿದ್ದೆ, ಟೊಳ್ಳು ಸದ್ದು ಬಂದ್ರೆ ಎಬ್ಬಿಸಿ ಇನ್ನಷ್ಟು ಸಿಮೆಂಟು. ಗೋಡೆಯಾಚೆ ಭಾವ ಕೆಮ್ಮೋದು ಕೇಳ್ತಿತ್ತು. ಬಡಿಯೋ ಸದ್ದಲ್ಲೇ ಆತನಿಗೆ ಎಲ್ಲ ತಿಳೀತೈತೆ. ತಿಳಿದೂ ಒಂದು ಮಾತು ಬಂದು ಕೇಳಲಿಲ್ಲ. ಆಮೇಲಾಮೇಲೆ ಕೆಮ್ಮೂ ಕೇಳಲಿಲ್ಲ, ಎಲ್ಲೋ ಹೊರಗಡೆ ಕೆಲಸ ಹಿಡಿದಿರಬೇಕು ಅನ್ಕೊಂಡೆ.

ಮಗಳಿಗೆ ದಿನಾ ಫೋನಲ್ಲಿ ವರದಿ. ಇವತ್ತು ಗೋಡೆ ಮುಗೀತು, ಇವತ್ತು ನೆಲಕ್ಕೆ ಇಳಿದೆ, ಇವತ್ತು ಬಿಳಿ ಸಿಮೆಂಟಲ್ಲಿ ಸಂದಿ ತುಂಬಿದೆ. "ಹೂಂ ಅವ್ವ" ಅಂತಿದ್ದಳು. ಹೊಟ್ಟೆ ಭಾರಕ್ಕೆ ಸುಸ್ತು, ಪಾಪ ಅನ್ಕೊಳ್ಳೋದು ನಾನು.

ಮುಗಿದ ದಿನ ಮನೆಯವರು ಒಂದು ಬಕೆಟ್ ನೀರು ಸುರಿದು ನೋಡಿದ್ರು. ಎಲ್ಲೂ ನಿಲ್ಲದೆ ಮೂಲೆಯ ತೂತಿಗೆ ಹೋಯ್ತು. ಹೊಸ್ತಿಲಿಗೆ ಅರಿಶಿಣ ಕುಂಕುಮ ಹಚ್ಚಿ, ಒಳಗೆ ಸುಮ್ಮನೆ ನಿಂತ್ಕೊಂಡಿದ್ದೆ. ಅಷ್ಟು ಖುಷಿ ನನಗೆ ನನ್ನ ಮದುವೇಲೂ ಆಗಿರಲಿಲ್ಲ.

ಬೀಗತಿ ಮಗಳನ್ನ ಕಾರಲ್ಲಿ ಕರ್ಕೊಂಡು ಬಂದ್ರು. ಬ್ಯಾಗಿನ್ನೂ ಕಾರಲ್ಲೇ ಇತ್ತು. ಕಾಫಿನೂ ಕುಡೀದೆ ಬಚ್ಚಲಿಗೆ ಹೋದ್ರು. ಗೋಡೆ ಸವರಿ "ಚೆನ್ನಾಗೈತೆ, ನೀವೇ ಹಾಕಿದ್ರಾ?" ಅಂದ್ರು. ನಾನು ಉಬ್ಬಿಹೋದೆ. ಆಮೇಲೆ ಒಂದು ಮಣೆ ಕೇಳಿದ್ರು. ನೆಲಕ್ಕೆ ಹಾಕ್ಕೊಂಡು ಕೂತು, ಕೂಸಿಗೆ ಎರೆಯೋರ ಹಂಗೆ ಎರಡೂ ಕಾಲು ಮುಂದಕ್ಕೆ ಚಾಚಿದ್ರು. ಪೂರ್ತಿ ಚಾಚೋಕೆ ಆಗಲಿಲ್ಲ. ಹಿಮ್ಮಡಿ ನನ್ನ ಕಟ್ಟೆಗೆ ತಾಗಿ ಮೊಣಕಾಲು ಮೇಲಕ್ಕೆದ್ದವು.

"ಕೂಸನ್ನ ಎಲ್ಲಿ ಮಲಗಿಸ್ಕೊಂತೀರಿ ಬೀಗತಿ?"

ನನ್ನ ಮಗಳನ್ನ ಇದೇ ಎರಡು ಕಾಲ ಮೇಲೆ ಬೋರಲು ಹಾಕ್ಕೊಂಡು ಎಣ್ಣೆ ತಿಕ್ಕಿ ಎರೆದೋಳು ನಾನು. ಫೋನಲ್ಲಿ ನೋಡಿದ್ದು ನಿಂತು ಸ್ನಾನ ಮಾಡೋರ ಬಾತ್‌ರೂಮು. ಅದನ್ನೇ ತಂದು ಇಲ್ಲಿ ಕೂರಿಸಿದ್ದೆ. ಬಾಣಂತನಕ್ಕೇ ಅಂತ ಕಟ್ಟಿ, ಕೂಸಿಗೆ ಎರೆಯೋಕೆ ಜಾಗ ಬಿಟ್ಟಿರಲಿಲ್ಲ. ಕಟ್ಟೆ ಇವತ್ತೇ ಒಡೆಸ್ತೀನಿ ಅಂದೆ. "ಸುಮ್ನೆ ಯಾಕ್ರಿ ಒಡಿಯೋದು? ನಮ್ಮಲ್ಲೇ ಆಗ್ಲಿ ಬಿಡ್ರಿ" ಅಂದ್ರು. ಮಗಳ ಮುಖ ನೋಡಿದೆ. ಅವಳು ನೆಲ ನೋಡ್ತಿದ್ದಳು. ಬ್ಯಾಗು ಕಾರಿಂದ ಇಳೀಲೇ ಇಲ್ಲ.

ಗಂಡು ಕೂಸು ಹುಟ್ಟಿತು. ಹತ್ತು ದಿನದ ಪುರುಡು ಕಳೆದ ಮೇಲೆ ಬೆಲ್ಲ, ಕೊಬ್ಬರಿ, ಅಂಟು, ಹಳೇ ಹತ್ತಿ ಸೀರೆ ಎಲ್ಲ ಕಟ್ಕೊಂಡು ಮೊಳಕಾಲ್ಮೂರಿಗೆ ಹೋದೆ. ಕಾಲು ತೊಳೆಯೋಕೆ ಬಚ್ಚಲಿಗೆ ಹೋದ್ರೆ ಹೊಸಾ ಟೈಲ್ಸು. ನಡುವೆ ಏನೂ ಅಡ್ಡ ಇಲ್ಲ, ಉದ್ದಕ್ಕೆ ಬಯಲು. ಒಂದು ಗೋಡೆಗೆ ಒರಗಿ ಕೂರೋಕೆ ಜಾಗ, ಹಂಡೆ ಕೈಗೆ ಸಿಗೋ ಹಂಗೆ. ಇಷ್ಟು ಚೆಂದ ಯಾರು ಹಾಕಿದ್ರು ಅಂತ ಕೇಳಿದೆ.

"ನಿಮ್ಮ ಭಾವನೋರೇ" ಅಂದ್ರು ಬೀಗತಿ. "ನಿಮ್ಮ ಮಗಳ ಬಾಣಂತನಕ್ಕೆ ಅಂತ ಕೇಳಿದ್ವಿ, ಅವತ್ತೇ ಬಂದ್ರು. ನೀವು ಕೇಳಲೇ ಇಲ್ವಂತೆ."

ಯಾವಾಗ ಅಂದೆ. ಅದಕ್ಕೆ ಮಗಳು ಬಾಯಿಬಿಟ್ಟಳು. "ನೀನು ಅಲ್ಲಿ ಹಾಕ್ತಿದ್ದಾಗಲೇ ಕಣವ್ವ. ದೊಡ್ಡಪ್ಪ ಇಲ್ಲಿ ಹಾಕ್ತಿದ್ದ. ಹೇಳಬೇಕು ಅಂತ ದಿನಾ ಅನ್ಕೊಂತಿದ್ದೆ. ನೀನು ಅಷ್ಟು ಖುಷಿಯಾಗಿ ಹೇಳ್ತಿದ್ದೆ, ಹೆಂಗೆ ಹೇಳಲಿ? ನಿಮ್ಮಿಬ್ಬರ ಜಗಳದ ಗೋಡೆ ಪಕ್ಕ ಮಲಗೋಕೆ ನನಗಾಗಲ್ಲ ಅನ್ನಿಸ್ತು."

ಅಂದ್ರೆ ನನ್ನ ಕಟ್ಟೆ ಇಲ್ಲದಿದ್ರೂ ಅವಳು ನನ್ನ ಮನೇಲಿ ಉಳೀತಿರಲಿಲ್ಲ. ನನಗೆ ಮಗಳ ಮೇಲೆ ಸಿಟ್ಟು ಬಂತು, ಹಸೀ ಬಾಣಂತಿ ಅಂತಲೂ ನೋಡದೆ ಸಿಟ್ಟು ಬಂತು. ಹಲ್ಲು ಕಚ್ಚಿ ನುಂಗ್ಕೊಂಡೆ. ಭಾವನ ಮೇಲೆ ಬಂದ ಸಿಟ್ಟಿಗಂತೂ ಹೆಸರಿಲ್ಲ. ಆತ ಒಳ್ಳೇದೇ ಮಾಡಿದ್ದ, ನನ್ನ ಮಗಳಿಗೇ ಮಾಡಿದ್ದ. ಯಾರಿಗೆ ಹೇಳ್ಕೊಂಡು ಅಳಲಿ?

ಅಷ್ಟೊತ್ತಿಗೆ ಕೂಸಿಗೆ ಎರೆಯೋ ಹೊತ್ತಾಯ್ತು. ಬೀಗತಿ ಸೀರೆ ಮೇಲಕ್ಕೆತ್ತಿ ಕೂತು ಕಾಲು ಚಾಚಿದ್ರು. ಅವರ ಮನೇಲಿ ಅರ್ಧ ತೆಲುಗು. "ರಾ ಬಂಗಾರು" ಅಂತ ಕೈಚಾಚಿದ್ರು. ನಾನು ಮುಂದೆ ಹೋದೆ. "ಇವತ್ತೊಂದು ದಿನ ನಾನು ಎರೀತೀನಿ, ಕೊಡ್ರಿ" ಅಂದೆ. ಬೀಗತಿ ಸರಿದು ಜಾಗ ಬಿಡೋಕೆ ಹೊರಟ್ರು, ಅವರೇನೂ ಬ್ಯಾಡ ಅನ್ನಲಿಲ್ಲ.

ಮಗಳು ಬಾಗಿಲಲ್ಲಿ ಕೂಸನ್ನ ಎತ್ಕೊಂಡು ನಿಂತಿದ್ದಳು.

"ಬ್ಯಾಡ ಬಿಡವ್ವ" ಅಂದಳು, ಮೆಲ್ಲಗೆ. "ಅತ್ತೆ ಕಾಲಿಗೆ ರೂಢಿಯಾಗೈತೆ. ಬೇರೆಯೋರ ಹತ್ರ ಅಳ್ತೈತೆ."

ನಾನು ಹಂಡೆಯ ಪಕ್ಕ ಕೂತು ಬಿಸಿನೀರಿಗೆ ತಣ್ಣೀರು ಬೆರೆಸಿ, ಮೊಣಕೈ ಅದ್ದಿ ನೋಡಿ, ಚೊಂಬು ಬೀಗತಿಯ ಕೈಗೆ ಕೊಟ್ಟೆ.