ಎಡಗಡೆಯ ಸೀಟು

ಸಾಹುಕಾರರ ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಬಲಗಿವಿಯ ಮೇಲೆ ಗ್ರೀಸಿನ ಕಪ್ಪು. ವಿಭೂತಿ ಬೆಳಗಿನ ಪೂಜೆಯದು, ಗ್ರೀಸು ಸ್ಕ್ರೂಡ್ರೈವರಿನದು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುವ ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೆ ಒತ್ತಿ, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು. ಆಗ ಯಾರೂ ಮಾತಾಡುವಂತಿಲ್ಲ. ಗಿರಣಿಯ ಹಮಾಲರು ಬೆನ್ನ ಮೇಲಿನ ಭತ್ತದ ಚೀಲ ಇಳಿಸದೆ ಹಾಗೇ ಕಾಯುತ್ತಿದ್ದರು. ಕಣ್ಣು ತೆರೆದು "ಮೂರನೇದು ಕೆಮ್ಮಾಕತ್ತದ" ಎಂದರೆ, ಬಿಚ್ಚಿದಾಗ ತೊಂದರೆ ಮೂರನೆಯ ಸಿಲಿಂಡರಿನಲ್ಲೇ ಇರುತ್ತಿತ್ತು. ಯಾವಾಗಲೂ ಅಲ್ಲ. ತಪ್ಪಿದ ದಿನ ಬೈಸಿಕೊಳ್ಳುತ್ತಿದ್ದವನು ನಾನು.

ರಾಯಚೂರಿನಲ್ಲಿ ಅವರದು ಅಕ್ಕಿ ಗಿರಣಿ. ಚೀಲಗಳ ಗೋಡೆಯ ಹಿಂದೆ, ತಗಡಿನ ಗೋದಾಮಿನಲ್ಲಿ, ಎರಡೇ ಸೀಟಿನ ಹಳೆಯ ಇಂಗ್ಲಿಷ್ ಕಾರುಗಳು ಸಾಲಾಗಿ ನಿಂತಿರುತ್ತಿದ್ದವು. ಟಾಪು ಮಡಚಿ ಗಾಳಿಗೆ ಮುಖ ಒಡ್ಡಿಕೊಂಡು ಓಡಿಸುವ, ನೆಲಕ್ಕೆ ಅಂಟಿಕೊಂಡಂತಿರುವ ಸ್ಪೋರ್ಟ್ಸ್ ಕಾರುಗಳು. ಅವುಗಳಲ್ಲೊಂದು ಕೆಂಪನೆಯದು, ಹೈದರಾಬಾದಿನ ಯಾವುದೋ ನವಾಬರ ಹಿತ್ತಲಿನಿಂದ ಎತ್ತಿನ ಬಂಡಿಗೆ ಕಟ್ಟಿ ಎಳೆದು ತಂದದ್ದು ಎಂದು ಹೇಳುತ್ತಿದ್ದರು. ಅಕ್ಕಿಯ ಆಸೆಗೆ ಇಲಿ ಬರುತ್ತವೆ, ಬಂದ ಇಲಿ ವೈರು ಕಡಿಯುತ್ತವೆ. ಅದಕ್ಕೇ ಬೆಕ್ಕು ಸಾಕಿದ್ದರು. ಸೀಟಿನಲ್ಲಿ ಬೆಕ್ಕು ಮರಿ ಹಾಕಿದರೆ, ಮರಿಗಳು ಓಡಾಡುವವರೆಗೆ ಆ ಗಾಡಿ ಹೊರಗೆ ಬರುತ್ತಿರಲಿಲ್ಲ. "ಬಾಣಂತಿ ಅದಾಳ, ಹೊರಗ ತರಬ್ಯಾಡ್ರಿ" ಎನ್ನುತ್ತಿದ್ದರು. ಬೆಕ್ಕಿನ ವಿಷಯದಲ್ಲಿ ಅವರು ಎಂದೂ ಮಾತು ತಪ್ಪಲಿಲ್ಲ.

ನಾನು ಕುರ್ಡಿಯವನು. ಕುರಿ ಕಾಯುವ ಮನೆ. ನಮ್ಮ ವಂಶದಲ್ಲಿ ಹೈಸ್ಕೂಲು ದಾಟಿದವನು ನಾನೊಬ್ಬನೇ, ದಾಟಿ ಮೆಕ್ಯಾನಿಕಲ್ ಇಂಜಿನಿಯರಿಂಗ್ ಮುಗಿಸಿದೆ. ಇದನ್ನು ಹೇಳುವಾಗ ನನ್ನ ದನಿ ಸ್ವಲ್ಪ ಏರುತ್ತದೆ. ಏರಲಿ. ಹಾಸ್ಟೆಲ್ಲಿನ ನೀರು ಸಾರು ಉಂಡವನು ನಾನು, ಹುಣ್ಣಾದ ಕಾಲಿನಲ್ಲಿ ಮಂದೆಯ ಹಿಂದೆ ನಡೆದವನು ನನ್ನಪ್ಪ. ಓದು ಮುಗಿದ ಮೇಲೆ ರಾಯಚೂರಿನ ಒಂದು ಪಾಲಿಟೆಕ್ನಿಕ್ಕಿನಲ್ಲಿ ಅತಿಥಿ ಉಪನ್ಯಾಸಕನಾಗಿ ಸೇರಿದ್ದೆ. ಸಾಹುಕಾರರು ಅಲ್ಲಿಗೇ ಬಂದರು. ಪ್ರಿನ್ಸಿಪಾಲರ ಮುಂದೆ ಕೂತು, ಜಿಡ್ಡು ಹತ್ತಿದ ದಪ್ಪ ಪುಸ್ತಕವೊಂದನ್ನು ಮೇಜಿನ ಮೇಲಿಟ್ಟು ಹೇಳಿದರು: "ಗಾಡಿದು ಇಂಗ್ಲಿಷ್ ಬುಕ್ ಅದರಿ. ಓದಿ ಕನ್ನಡದಾಗ ಹೇಳೋರು ಬೇಕಾಗ್ಯಾರ. ಬರೇ ಓದೋರು ನಮ್ಮ ಮನ್ಯಾಗೂ ಅದಾರ. ಓದಿದ್ದು ತಿಳಿಯೋರು ಬೇಕು."

ಪ್ರಿನ್ಸಿಪಾಲರು ನನ್ನ ಕಡೆ ಬೆರಳು ತೋರಿಸಿದರು.

ಅಂದಿನಿಂದ ಭಾನುವಾರ ಎಂದರೆ ಗಿರಣಿ. ಶ್ರಾವಣದಲ್ಲಿ ಮಠದಲ್ಲಿ ಪುರಾಣ ಹಚ್ಚುತ್ತಾರಲ್ಲ, ಒಬ್ಬರು ಓದುವುದು, ಉಳಿದವರು ಕೂತು ಕೇಳುವುದು, ಹಾಗೆಯೇ ಅವರು ಆ ರಿಪೇರಿ ಪುಸ್ತಕವನ್ನು ಓದಿಸಿದರು. ಹಲಗೆಯ ಮೇಲೆ ಪುಸ್ತಕ, ಅದರ ಮೇಲೊಂದು ಹೂವು. ಅವರು ಭತ್ತದ ಚೀಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು, ಪ್ರತಿ ವಾಕ್ಯಕ್ಕೂ "ಹ್ಞೂಂ, ಮುಂದ" ಎನ್ನುತ್ತಿದ್ದರು. ಕಾರ್ಬ್ಯುರೇಟರ್ ಅಧ್ಯಾಯ ಮುಗಿದ ದಿನ ಹಮಾಲರಿಗೆಲ್ಲ ಮಂಡಾಳು ಒಗ್ಗರಣೆ, ಮಿರ್ಚಿ ಹಂಚಿದರು. ಪುಸ್ತಕ ಹೇಳಿದ್ದನ್ನು ನಾನು ಹೇಳುವುದು, ಇಂಜಿನ್ನು ಹೇಳಿದ್ದನ್ನು ಅವರು ಹೇಳುವುದು. ಎರಡೂ ಹೊಂದದಿದ್ದರೆ ಜಗಳ. ಆ ಜಗಳದಲ್ಲಿ ನನ್ನನ್ನು "ಇಂಜಿನೇರ" ಎನ್ನುತ್ತಿದ್ದರು. ಆ ಮಾತಿಗೆ ನಾನು ಎಷ್ಟು ಮರುಳಾಗಿದ್ದೆ ಎಂದರೆ, ಅದು ಗೋದಾಮಿನ ಬಾಗಿಲು ದಾಟುವುದಿಲ್ಲ ಎಂಬುದು ತಿಳಿಯಲು ತಡವಾಯಿತು.

ಮೊದಲು ತಿಳಿದದ್ದು ದೇವದುರ್ಗದಲ್ಲಿ. ಅಲ್ಲಿನ ಹಳೇ ವಾಡೆಯೊಂದರ ಹಿತ್ತಲಲ್ಲಿ ಹಸಿರು ಬಣ್ಣದ ಕಾರು ಇದೆಯೆಂಬ ಸುದ್ದಿ ಬಂದಿತ್ತು. ದಾರಿಯಲ್ಲಿ ನನಗೆ ಪಾಠ ಹೇಳಿಕೊಟ್ಟರು.

"ಗಾಡಿ ಕಂಡ ಕೂಡ್ಲೇ ಹಲ್ಲು ಕಿರಿಬ್ಯಾಡ. ಹೆಣ್ಣು ನೋಡಾಕ ಹೋದವರಂಗ ಸುಮ್ಮ ಕುಂದ್ರು. ಕೊಟ್ಟಿದ್ದು ತಿನ್ನು. ಮನಿ ಬಗ್ಗೆ, ಮಳಿ ಬಗ್ಗೆ ಮಾತಾಡು."

"ಗಾಡಿ ಯಾವಾಗ ನೋಡೂದ್ರಿ?"

"ಕೈ ತೊಳ್ಯಾಕ ಹಿತ್ತಲಕ ಹೋಗ್ತೀವಲ್ಲ, ಆವಾಗ. ಆಕಸ್ಮಿಕ ಕಂಡಂಗ."

ಹಾಗೇ ಆಯಿತು. ಕಾರಿನ ಸೀಟಿನಲ್ಲಿ ಕೋಳಿ ಕಾವಿಗೆ ಕೂತಿತ್ತು. ಸಾಹುಕಾರರು ಬಾನೆಟ್ಟಿನ ಮೇಲೆ ಬೆರಳಿನ ಗೆಣ್ಣಿನಿಂದ ತಟ್ಟಿದರು, ಬಾಗಿಲ ಸಂದಿಗೆ ಮೂಗಿಟ್ಟು ಮೂಸಿದರು, ಒಂದು ಸ್ಕ್ರೂವನ್ನು ಉಗುರಿನಿಂದ ಕೆರೆದರು. ಆಮೇಲೆ ನನ್ನ ಕಿವಿಯಲ್ಲಿ "ಅಸಲಿ ಅದ" ಎಂದರು. ಅಸಲಿ, ಅದು ಅವರ ದೊಡ್ಡ ಮಾತು. ಗಾಡಿ ಹುಟ್ಟಿದಾಗ ಏನಿತ್ತೋ ಅದೇ ಇರಬೇಕು. ಬೇರೆ ಗಾಡಿಯ ಒಂದು ನಟ್ಟು ಸೇರಿದ್ದರೂ ಮುಖ ತಿರುಗಿಸುತ್ತಿದ್ದರು. ವಾಡೆಯ ಯಜಮಾನರು ನನ್ನನ್ನು ತೋರಿಸಿ "ಇವರ್ಯಾರ್ರಿ?" ಎಂದು ಕೇಳಿದರು. ಸಾಹುಕಾರರು ಎಲೆ ಅಡಿಕೆ ಮಡಚುತ್ತಲೇ, "ನಮ್ಮ ಹುಡುಗ. ಗಾಡಿ ಒರಸಿಕೊಂಡು ಇರ್ತಾನ" ಎಂದರು.

ವ್ಯವಹಾರ ಕುದುರಿಸಿಕೊಂಡು ವಾಪಸು ಬರುವಾಗ ಕೇಳಿಯೇಬಿಟ್ಟೆ. "ಸಾಹುಕಾರ್ರ, ನಾ ಇಂಜಿನಿಯರ್ ಅದೀನಿ ಅಂತ ಹೇಳಬೋದಿತ್ತಲ್ರಿ."

"ಹೇಳಿದ್ರ ಅವ ಹುಷಾರಾಗ್ತಿದ್ದ. ವ್ಯವಹಾರ ನಿನಗ ತಿಳ್ಯಂಗಿಲ್ಲ ಬಿಡು."

ಒಪ್ಪುವಂಥ ಕಾರಣವೇ. ಒಪ್ಪಿದೆ. ನನ್ನ ಕಣ್ಣು ಬೇರೆ ಕಡೆ ಇತ್ತು: ಸ್ಟೇರಿಂಗಿನ ಮೇಲೆ. ಅವರ ಗಾಡಿಗಳ ಸ್ಟೇರಿಂಗನ್ನು ಅವರ ಹೊರತು ಯಾರೂ ಮುಟ್ಟುವಂತಿರಲಿಲ್ಲ. ಕೆಂಪು ಗಾಡಿಯ ಇಂಜಿನ್ನನ್ನು ತುಂಡು ತುಂಡಾಗಿ ಬಿಚ್ಚಿ ಜೋಡಿಸಿದವನು ನಾನು, ಆದರೆ ಓಡಿಸಿ ನೋಡುವಾಗ ಕೂರುತ್ತಿದ್ದದ್ದು ಎಡಗಡೆಯ ಸೀಟಿನಲ್ಲಿ. ಒಂದು ಸಲ, ಒಂದೇ ಸಲ, ಬಲಗಡೆ ಕೂತು ಗೇರು ಬದಲಿಸಬೇಕೆಂಬುದು ನನ್ನ ಆಸೆಯಾಗಿತ್ತು. ಸಣ್ಣ ಆಸೆ ಎನ್ನುವವರು ಬೇರೆಯವರ ಗಾಡಿಯನ್ನು ವರ್ಷಗಟ್ಟಲೆ ರಿಪೇರಿ ಮಾಡಿ ನೋಡಲಿ.

ಆ ಕೆಂಪು ಗಾಡಿಗೊಂದು ರೋಗವಿತ್ತು. ಬೇಸಿಗೆಯ ಬಿಸಿಲಿನಲ್ಲಿ ರಾಯಚೂರಿನಿಂದ ಮಾನ್ವಿಯ ಕಡೆ ಹೊರಟರೆ ಕಲ್ಲೂರು ದಾಟುವುದರೊಳಗೆ ಕೆಮ್ಮಿ ನಿಂತುಬಿಡುತ್ತಿತ್ತು. ನೆರಳಿಗೆ ತಳ್ಳಿ ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗದಂತೆ ಚಾಲೂ ಆಗುತ್ತಿತ್ತು. ದೃಷ್ಟಿಯೆಂದು ಮೆಣಸಿನಕಾಯಿ, ನಿಂಬೆಹಣ್ಣು ಕಟ್ಟಿದರು. ದೇವಸುಗೂರಿಗೆ ಹೋಗಿ ಹರಕೆ ಹೊತ್ತು ಬಂದರು. ಪುಸ್ತಕದಲ್ಲಿ ಕಾರಣ ಇತ್ತು: ಇಂಜಿನ್ನಿನ ಕಾವಿಗೆ ಪೆಟ್ರೋಲು, ಅದನ್ನು ಎಳೆದುಕೊಡುವ ಪಂಪಿನಲ್ಲೇ ಕುದಿದು ಆವಿಯಾಗುತ್ತದೆ, ಪಂಪು ಆವಿಯನ್ನು ಎಳೆಯಲಾರದು. ತಣ್ಣನೆಯ ದೇಶದವರು ಮಾಡಿದ ಗಾಡಿ, ಅವರೇನು ನಮ್ಮೂರ ಮೇ ತಿಂಗಳು ಕಂಡಿದ್ದರೇ? ಹೊಸ ನಮೂನೆಯ ಪಂಪು ಹಾಕೋಣವೆಂದೆ. "ಅಸಲಿ ಗಾಡಿಗೆ ನಕಲಿ ಎದಿ ಹಾಕ್ತೀಯೇನು?" ಎಂದು ಗದರಿದರು. ಪಂಪಿಗೆ ಒದ್ದೆ ಗೋಣಿ ತಟ್ಟು ಸುತ್ತಿದೆವು. ಹತ್ತು ಹದಿನೈದು ನಿಮಿಷಕ್ಕೆ ಒಣಗಿ ಹೋಗುತ್ತಿತ್ತು.

ಆಗ ಅವರು ಮಾತು ಕೊಟ್ಟರು. ಹಮಾಲರ ಎದುರಿಗೇ, ಗೋದಾಮಿನಲ್ಲಿ ನಿಂತು: "ಇಂಜಿನೇರ, ಮಟಮಟ ಮಧ್ಯಾಹ್ನ ಇದನ್ನ ಎಲ್ಲೂ ನಿಲ್ಲದಂಗ ಮಾನ್ವಿ ಮುಟ್ಟಿಸು. ವಾಪಸ್ ನೀನ ಹೊಡಕೊಂಡು ಬಾ. ನಾ ಎಡಕ್ಕ ಕುಂದರ್ತೀನಿ."

ನಾನು ಔಷಧಿ ಅಂಗಡಿಯಿಂದ ಒಂದು ಸಲಾಯಿನ್ ಬಾಟಲಿ, ಅದರ ನಳಿಗೆ ತಂದೆ. ಬಾಟಲಿಗೆ ತಣ್ಣೀರು ತುಂಬಿ, ನಳಿಗೆಯನ್ನು ಬಾನೆಟ್ಟಿನ ಸಂದಿಯಿಂದ ಒಳಗೆ ಬಿಟ್ಟು, ತುದಿಯನ್ನು ಪಂಪಿನ ಮೇಲಿನ ಗೋಣಿಗೆ ಸುತಳಿಯಿಂದ ಕಟ್ಟಿದೆ. ರೋಗಿಗೆ ಇಳಿದಂತೆ ಹನಿ ಹನಿ ಇಳಿಯಬೇಕು, ಗೋಣಿ ಒಣಗಬಾರದು. ಗಾಡಿಗೆ ಒಂದು ತೂತೂ ಕೊರೆದಿರಲಿಲ್ಲ, ಅಸಲಿ ಅಸಲಿಯಾಗೇ ಉಳಿದಿತ್ತು. ಆದರೆ ಬಾಟಲಿಯನ್ನು ಎತ್ತರಕ್ಕೆ ಹಿಡಿದು ಕೂರಲು ಎಡಗಡೆಯ ಸೀಟಿನಲ್ಲಿ ಒಬ್ಬ ಮನುಷ್ಯ ಬೇಕು.

ಮಾನ್ವಿಯಲ್ಲಿ ಅವರ ತಮ್ಮನ ಹೊಸ ಮನೆಯ ವಾಸ್ತುಶಾಂತಿ ಇತ್ತು. ಬಿಸಿಲು ನೆತ್ತಿಗೆ ಬಂದಾಗ ಹೊರಟೆವು. ಬಾಟಲಿ ಎತ್ತಿ ಹಿಡಿದ ನನ್ನನ್ನು ನೋಡಿ ಕಲ್ಲೂರಿನ ಚಹದಂಗಡಿಯವರು "ಯಾರಿಗಪಾ ಆರಾಮಿಲ್ಲ?" ಎಂದು ಕೂಗಿದರು. "ಗಾಡಿಗೆ" ಎಂದು ಸಾಹುಕಾರರು ತಿರುಗಿ ಕೂಗಿದರು. ಅವರು ಅಷ್ಟು ನಕ್ಕಿದ್ದನ್ನು ನಾನು ಮತ್ತೆ ನೋಡಲಿಲ್ಲ. ತೋಳು ಸೆಟೆದು ಮರವಾಯಿತು, ಕೈ ಬದಲಿಸಿ ಹಿಡಿದೆ. ಗಾಡಿ ಎಲ್ಲೂ ನಿಲ್ಲದೆ ಮಾನ್ವಿ ಮುಟ್ಟಿತು.

ಊಟವಾಯಿತು. ಚಪ್ಪರದ ಹೊರಗೆ ಗಾಡಿಯ ಸುತ್ತ ಬೀಗರು, ನೆಂಟರು ಸೇರಿದ್ದರು. ನಾನು ಕೈ ತೊಳೆದು, ಒರೆಸಿಕೊಂಡು, ಬಲಗಡೆಯ ಬಾಗಿಲ ಹತ್ತಿರ ಹೋಗಿ ನಿಂತೆ. ಸಾಹುಕಾರರು ಬಂದರು. ಜೇಬಿನಿಂದ ಕೀಲಿ ತೆಗೆದು, ನನ್ನ ಪಕ್ಕದಲ್ಲಿದ್ದ ಅಳಿಯನ ಕೈಗೆ ಹಾಕಿದರು.

"ಸಾಹುಕಾರ್ರ" ಎಂದೆ.

ಅವರು ನನ್ನ ಹೆಗಲ ಮೇಲೆ ಕೈಯಿಟ್ಟು ಪಕ್ಕಕ್ಕೆ ಕರೆದೊಯ್ದರು. "ಬೀಗರು ನೋಡಾಕತ್ಯಾರ. ಕುರುಬರ ಹುಡುಗ ಗಾಡಿ ಹೊಡೀಬೇಕು, ನಾ ಬಾಜೂಕ ಕುಂದರಬೇಕು, ಚಂದ ಕಾಣ್ತದೇನು? ಓದಿದವ ಅದಿ, ತಿಳಕೊಬೇಕು. ನೀ ಬಸ್ಸಿಗೆ ಬಾ."

ಓದಿದ್ದು ಇದನ್ನು ತಿಳಿದುಕೊಳ್ಳುವುದಕ್ಕೆ ಎಂದಾಯಿತು.

ಬಸ್ಸಿಗೆ ಹೋದೆ. ಕಲ್ಲೂರಿನ ಆಚೆ ಕಿಟಕಿಯಿಂದ ಕೆಂಪು ಗಾಡಿ ಕಂಡಿತು, ಬಾನೆಟ್ಟು ತೆರೆದು ನಿಂತಿತ್ತು. ಅಳಿಯ ಫೋನು ಹಿಡಿದು ಸಿಗ್ನಲ್ ಹುಡುಕುತ್ತಿದ್ದ. ಸಲಾಯಿನ್ ಬಾಟಲಿ ಖಾಲಿಯಾಗಿ ಸೀಟಿನ ಮೇಲೆ ಬಿದ್ದಿತ್ತು. ಸಾಹುಕಾರರು ಬಿಸಿಲಿನಲ್ಲಿ ನಿಂತು ಬಸ್ಸಿನ ಕಡೆ ನೋಡಿದರು, ನನ್ನನ್ನೂ ನೋಡಿದರು. ಕೈ ಎತ್ತಲಿಲ್ಲ. ನಾನು ಇಳಿಯಲಿಲ್ಲ. ಇವತ್ತಿಗೂ ಅದಕ್ಕೆ ನನಗೆ ಬೇಸರವಿಲ್ಲ.

ಆಮೇಲೆ ಭಾನುವಾರ ಹೋಗುವುದನ್ನು ಬಿಟ್ಟೆ. ಹೇಳಿ ಕಳಿಸಿದರು, ಹೋಗಲಿಲ್ಲ. ಪಾಲಿಟೆಕ್ನಿಕ್ಕಿನಲ್ಲಿ ನನ್ನ ಕೆಲಸ ಕಾಯಂ ಆಯಿತು. ಹೋದ ವರ್ಷ ಬೇಸಿಗೆಯಲ್ಲಿ ಅವರು ಆಸ್ಪತ್ರೆ ಸೇರಿದ್ದಾರೆಂದು ಕೇಳಿ ನೋಡಲು ಹೋದೆ. ಕೈಗೆ ಸಲಾಯಿನ್ ಹಚ್ಚಿದ್ದರು. ನನ್ನನ್ನು ನೋಡಿ, ಬಾಟಲಿಯನ್ನು ನೋಡಿ, "ಹನಿ ಜೋರಾಗ್ಯಾದ ಇಂಜಿನೇರ, ಜರಾ ಕಮ್ಮಿ ಮಾಡು" ಎಂದರು. ನರ್ಸನ್ನು ಕರೆದೆ. ಅವರ ಪಕ್ಕದಲ್ಲಿ ಬಹಳ ಹೊತ್ತು ಕೂತೆ. ಮಾನ್ವಿಯ ಬಗ್ಗೆ ಒಂದು ಮಾತು ಬರುತ್ತದೆಂದು ಕಾದೆ. ದೇವದುರ್ಗದ ಹಸಿರು ಗಾಡಿಯ ಸೈಲೆನ್ಸರಿನ ಬಗ್ಗೆ ಮಾತಾಡಿದರು. ಬೆಕ್ಕುಗಳ ಬಗ್ಗೆ ಮಾತಾಡಿದರು. ಎದ್ದು ಬಂದೆ.

ಅದೇ ವಾರ ತೀರಿಕೊಂಡರು. ಬೆಳಿಗ್ಗೆ ದೊಡ್ಡ ಮಗನ ಫೋನು ಬಂತು. "ಸರ್, ಅಪ್ಪನ್ನ ಕೆಂಪು ಗಾಡ್ಯಾಗ ಒಯ್ಯಬೇಕಂತ ಮಾಡೀವ್ರಿ. ಅದು ನಿಮ್ಮನ್ನ ಬಿಟ್ರ ಯಾರ ಮಾತೂ ಕೇಳಂಗಿಲ್ಲ. ಮಣ್ಣು ಮಾನ್ವ್ಯಾಗ, ನಮ್ಮ ಹಿರೇರ ಹೊಲದಾಗ. ಗಾಡಿನ ಅಲ್ಲಿಗೆ ಲಾರಿ ಮ್ಯಾಲ ತರಸೀನಿ, ನೀವು ಬಂದ್ಬಿಡ್ರಿ."

ಅವರ ಮನೆತನದವರು ಹೆಣವನ್ನು ಕೂರಿಸಿಯೇ ಒಯ್ಯುತ್ತಾರೆ, ಕೂರಿಸಿಯೇ ಮಣ್ಣು ಮಾಡುತ್ತಾರೆ. ನಾನು ಹೋಗುವಷ್ಟರಲ್ಲಿ ಎಡಗಡೆಯ ಸೀಟಿನಲ್ಲಿ ಸಾಹುಕಾರರನ್ನು ಕೂರಿಸಿ, ಬಿಳಿ ಧೋತರದಿಂದ ಬಿಗಿದಿದ್ದರು. ಹಣೆಯ ತುಂಬ ವಿಭೂತಿ, ಕೊರಳ ತುಂಬ ಹಾರ. ಕಿವಿಯನ್ನು ಚೆನ್ನಾಗಿ ತಿಕ್ಕಿ ತೊಳೆದಿದ್ದರು. ಹಿಂದೆ ಮಡಚಿದ ಟಾಪಿನ ಮೇಲೆ ದೊಡ್ಡ ಮಗ ಕೂತು ತಲೆ ವಾಲದಂತೆ ಹಿಡಿದುಕೊಂಡಿದ್ದರು. ಕೀಲಿ ಗಾಡಿಯಲ್ಲೇ ಇತ್ತು. ನಾನು ಬಲಗಡೆ ಹತ್ತಿ ಕೂತೆ. ಯಾರೂ ತಡೆಯಲಿಲ್ಲ.

ಬಿಸಿಲು ಏರುತ್ತಿತ್ತು. ಸಲಾಯಿನ್ ಬಾಟಲಿ ಬೇಕೆಂದೆ. ಮಗ ಕೈಯಾಡಿಸಿದರು. "ಬ್ಯಾಡ್ರಿ ಸರ್. ಆಸ್ಪತ್ರ್ಯಾಗ ಅದನ್ನ ನೋಡಿ ನೋಡಿ ಸಾಕಾಗ್ಯಾದ. ಅಪ್ಪನ ಬಾಜೂಕ ಮತ್ತ ಅದು ಬ್ಯಾಡ." ಭಜನೆಯವರ ಹಿಂದೆ, ಹೆಜ್ಜೆ ಹೆಜ್ಜೆಗೆ ನಿಲ್ಲುವ ಮೆರವಣಿಗೆಯಲ್ಲಿ ಆ ಇಂಜಿನ್ನು ಎಷ್ಟು ದೂರ ಬರುತ್ತದೆಂದು ನನಗೆ ಗೊತ್ತಿತ್ತು. ಗೋಣಿ ತಟ್ಟೊಂದನ್ನು ಒದ್ದೆ ಮಾಡಿ ಸುತ್ತಿ ಹೊರಟೆ. ಒಂದನೇ ಗೇರು ಬಿಟ್ಟು ಎರಡನೆಯದಕ್ಕೆ ಹಾಕುವ ಸಂದರ್ಭವೇ ಬರಲಿಲ್ಲ. ಇಷ್ಟು ವರ್ಷ ಕಾದದ್ದು ಅದಕ್ಕೆ.

ಹೊಲದ ದಾರಿಗೆ ತಿರುಗುವಲ್ಲಿ ಗಾಡಿ ಕೆಮ್ಮಿತು, ನಿಂತಿತು. ಭಜನೆಯೂ ನಿಂತಿತು.

"ಡ್ರೈವರ್, ಏನಾತಪಾ?" ಎಂದು ಯಾರೋ ಕೂಗಿದರು.

ನಾನು ಬಾಯಿ ತೆರೆಯುವ ಮೊದಲೇ ಮುದುಕಿಯೊಬ್ಬಳು ಸೆರಗು ಬಾಯಿಗೆ ಹಿಡಿದು, "ಯಪ್ಪಾ, ಗಾಡಿಗೂ ಬಿಟ್ಟುಕೊಡಾಕ ಮನಸಿಲ್ಲ ನೋಡ್ರಿ" ಎಂದಳು. ಮಂದಿ ಕೈ ಮುಗಿದರು. ಒಬ್ಬ ಟೈರಿನ ಮುಂದೆ ಕಾಯಿ ಒಡೆದ. ಪೆಟ್ರೋಲು ಕುದಿದಿದೆ ಎಂದು ಹೇಳಬಹುದಿತ್ತು. ಅದನ್ನು ಕೇಳಿ "ಹ್ಞೂಂ, ಮುಂದ" ಎನ್ನುವವರು ಎಡಗಡೆಯ ಸೀಟಿನಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಬಾನೆಟ್ಟು ಎತ್ತಿ, ಒಣಗಿದ ಗೋಣಿಯನ್ನು ಭಜನೆಯವರ ತಂಬಿಗೆಯ ನೀರಿನಲ್ಲಿ ಅದ್ದಿ ಮತ್ತೆ ಸುತ್ತಿದೆ. ಕಾವು ಇಳಿದ ಮೇಲೆ ಇಂಜಿನ್ನು ಹಿಡಿಯಿತು. ಮೂರನೆಯದು ಸ್ವಲ್ಪ ಕೆಮ್ಮುತ್ತಿತ್ತು. ಸ್ಕ್ರೂಡ್ರೈವರಿಲ್ಲದೆಯೇ ನನಗದು ಕೇಳಿಸಿತು. ಆ ಕಿವಿ ಅವರು ಕೊಟ್ಟದ್ದು, ಇಲ್ಲ ಎನ್ನಲಾರೆ. ಈಗ ನನ್ನ ವಿದ್ಯಾರ್ಥಿಗಳಿಗೆ ಅದನ್ನೇ ಕೊಡುತ್ತಿದ್ದೇನೆ.

ಮಣ್ಣು ಹಾಕಿ ಮುಗಿದ ಮೇಲೆ ಬಂದು ಗಾಡಿಯ ಹತ್ತಿರ ನಿಂತೆ. ಅಳಿಯ ಬಂದ, ಕೈ ಚಾಚಿದ. ಕೀಲಿ ಕೊಟ್ಟೆ.

"ಭಾಳ ಉಪಕಾರ ಆತ್ರಿ" ಎಂದ. "ಗಾಡಿ ಇಲ್ಲೇ ಇರ್ಲಿ, ಸಂಜಿಗೆ ಲಾರಿ ಬರ್ತದ. ನಿಮಗ ಬಸ್ಸು ಅದಲ್ರಿ?"

ಇದೆ ಎಂದೆ. ಬಿಸಿಲಿನಲ್ಲಿ ಬಸ್ ನಿಲ್ದಾಣದ ತನಕ ನಡೆದೆ. ಪಂಪಿನಿಂದ ಬಿಚ್ಚಿದ ಗೋಣಿ ತಟ್ಟು ಕೈಯಲ್ಲೇ ಉಳಿದಿತ್ತು. ಬಸ್ಸು ಬರುವಷ್ಟರಲ್ಲಿ ಅದು ಒಣಗಿ ಕಟ್ಟಿಗೆಯಾಗಿತ್ತು.