ಇಂಜಿನ್ನಿನ ಮೇಲೆ ಒಡೆದ ಕಾಯಿ

ಇವತ್ತು ಬೆಳಿಗ್ಗೆ ಯಾರೋ ಹೊಸ ಕಾರು ತಂದು ನನ್ನ ಗ್ಯಾರೇಜಿನ ಎದುರೇ ಪೂಜೆ ಮಾಡಿಸಿದರು. ಒಡೆದ ಕಾಯಿಯ ನೀರು ಬಿಸಿ ಬಾನೆಟ್ಟಿನ ಮೇಲೆ ಚೆಲ್ಲಿ ಸಿಹಿಯಾಗಿ ಕಮರಿತು. ಆ ವಾಸನೆಗೆ ನನಗೆ ನಗು ಉಕ್ಕಿಬಿಟ್ಟಿತು. ಭಟ್ಟರು ಮಂತ್ರ ನಿಲ್ಲಿಸಿ ದುರುಗುಟ್ಟಿದರು. ಅವರಿಗೆ ಹೇಳಲಾಗದ ಕಾರಣವನ್ನು ನಿಮಗೆ ಹೇಳುತ್ತೇನೆ.

ತೊಂಬತ್ತರ ದಶಕದ ಮಾತು. ಎಂಟನೇ ಇಯತ್ತೆಗೆ ಶಾಲೆ ಬಿಟ್ಟ ನಾನು ಸಿದ್ದಾಪುರದಲ್ಲಿ ಗ್ಯಾರೇಜು ಇಟ್ಟಿದ್ದೆ. ಶಬ್ದ ಕೇಳಿಯೇ ಇಂಜಿನ್ನಿನ ರೋಗ ಹೇಳುತ್ತೇನೆಂಬ ಜಂಬ. ಈಗಲೂ ಇದೆ, ತುಸು ತಗ್ಗಿದೆ. ಹೆಗ್ಗರಣೆ ಕಡೆಯ ಹುಡುಗಿ ಮದುವೆಗೆ ಗೊತ್ತಾದಾಗ ಅವಳ ಅಪ್ಪ, "ಗಾಡಿ ಬಿಚ್ಚವಂಗೆ ಮಗಳ ಕೊಡದು ಹ್ಯಾಂಗೆ?" ಎಂದು ತಿಂಗಳುಗಟ್ಟಲೆ ತಲೆ ಕೆರೆದುಕೊಂಡಿದ್ದರಂತೆ. ಹಾಗಾಗಿಯೇ ನನಗೆ ಹಟ: ನಾನೇ ರಿಪೇರಿ ಮಾಡಿದ ಹಳೇ ಕಾರನ್ನು ನಾನೇ ಓಡಿಸಿಕೊಂಡು ಹೋಗಿ ಮಂಟಪದ ಎದುರು ಇಳಿಯಬೇಕು! ದಿಬ್ಬಣದ ಬಸ್ಸು ಮುಂದೆ ಹೋಯಿತು. ಅಮ್ಮ, ಅಂದರೆ ನಮ್ಮ ಆಯಿ, ಕಾರಿಗೆ ಪೂಜೆ ಮಾಡಿದ ಮೇಲೆ ನಾನು, ಆಯಿ, ಸೋದರಮಾವ ಅದರಲ್ಲಿ ಹೊರಟೆವು.

ಅರ್ಧ ದಾರಿಯ ಏರಿನಲ್ಲಿ ಇಂಜಿನ್ನು ಬಿಕ್ಕಳಿಸತೊಡಗಿತು. ಮಿಸ್ಸಿಂಗ್! ಯಾವುದೋ ಪ್ಲಗ್ಗು ಕಿಡಿ ಕೊಡುತ್ತಿಲ್ಲ. ಮುಹೂರ್ತಕ್ಕೆ ಒಂದು ತಾಸೂ ಇಲ್ಲ. ತಪ್ಪಿದರೆ ಹೆಣ್ಣು ಕೊಡುವ ಮಾವನವರ ಮಾತನ್ನು ಜನ್ಮಪೂರ್ತಿ ಕೇಳಬೇಕು. ಪೇಟ, ಶಲ್ಯ ಸಮೇತ ಬಾನೆಟ್ಟಿನೊಳಗೆ ತಲೆ ಹಾಕಿದೆ. ಒಂದೊಂದೇ ಪ್ಲಗ್ಗಿನ ವೈರು ಕಿತ್ತು ಕಿವಿಗೊಟ್ಟೆ. ಮೊದಲೆರಡನ್ನು ಕಿತ್ತಾಗ ಇಂಜಿನ್ನು ಇನ್ನಷ್ಟು ಸೊರಗಿತು, ಎಂದರೆ ಅವು ದುಡಿಯುತ್ತಿವೆ. ಮೂರನೆಯದನ್ನು ಕಿತ್ತರೆ ಏನೇನೂ ವ್ಯತ್ಯಾಸವಿಲ್ಲ. ಸಿಕ್ಕಿಬಿದ್ದ ಕಳ್ಳ! ಆ ಪ್ಲಗ್ಗನ್ನು ತಿಕ್ಕಿ ಹಾಕಿದೆ. ಬಿಕ್ಕಳಿಕೆ ಹಾಗೇ. ಹೊಸದನ್ನೇ ಹಾಕಿದೆ. ಹಾಗೇ.

"ಶಬ್ದ ಕೇಳಿ ಹೇಳ್ತೆ ಹೇಳ್ತಿದ್ಯಲಾ ತಮಾ, ಎಂತ ಹೇಳ್ತು ಅದು?" ಎಂದರು ಸೋದರಮಾವ.

"ಮಾವನ್ನ ಇಳಿಸಿ ಹೋಗು ಹೇಳ್ತು."

ಆಗ ಮೂಗಿಗೆ ಬಡಿಯಿತು ಆ ಸಿಹಿ ಕಮರು. ಪ್ಲಗ್ಗುಗಳಿಗೆ ಕರೆಂಟು ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರೆ, ಒಳಗೆ ಕಾಯಿನೀರು! ಜೊತೆಗೊಂದು ಕಾಯಿಚೂರು.

"ಆಯೀ, ಇಲ್ಲೆಂತಕ್ಕೆ ಕಾಯಿ ಒಡದೆ?"

"ನಿಂಗೆ ಅನ್ನ ಹಾಕದು ಇಂಜಿನ್ನು. ಪೂಜೆ ಟೈರಿಗೆ ಮಾಡವನಾ?"

ಸೋದರಮಾವ ರಸ್ತೆಯ ಮೇಲೇ ಕೂತು ನಕ್ಕರು. ನಾನು ನಗಲಿಲ್ಲ. ಮುಚ್ಚಳದ ಎರಡು ಕ್ಲಿಪ್ಪುಗಳಲ್ಲಿ ಒಂದನ್ನು ಹಾಕಲು ಮರೆತವನು ನಾನೇ ಎಂದು ಕಣ್ಣೆದುರೇ ಕಾಣುತ್ತಿತ್ತು. ಹೇಳಲಿಲ್ಲ. ಹೊಸ ಶಲ್ಯದಿಂದ ಒರೆಸಿ ಎರಡೂ ಕ್ಲಿಪ್ಪು ಬಿಗಿದೆ. ಕಾರು ಹಾಲು ಕುಡಿದ ಕೂಸಿನ ಹಾಗೆ ಹೊರಟಿತು!

ಮುಹೂರ್ತಕ್ಕೆ ಮುಟ್ಟಿದೆವು. ಕೈ ತೊಳೆಯಲು ಮಾತ್ರ ಪುರುಸೊತ್ತಾಗಲಿಲ್ಲ. ಧಾರೆಯ ಹೊತ್ತಿಗೆ ನನ್ನ ಹೆಬ್ಬೆರಳು ಹುಡುಗಿಯ ಅಂಗೈಯಲ್ಲಿ ಕರ್ರಗೆ ಮೂಡಿತು. ಮಾವನವರು ನೋಡಿ, "ಮಗಳಿಗೂ ಗ್ರೀಸು ಹಚ್ಚಿಬಿಟ್ಟೆಯೋ ಮಾರಾಯಾ!" ಎಂದು ನಕ್ಕುಬಿಟ್ಟರು. ದಾರಿಯಲ್ಲಿ ತಡವಾದದ್ದಕ್ಕೆ ನಾನು ಹೇಳಿದ ಕಾರಣ? ಆಯಿಯ ಕಾಯಿ. ಅಂದಿನಿಂದ ನೆಂಟರೆಲ್ಲ ಆಯಿಯನ್ನು ಗೋಳುಹೊಯ್ದುಕೊಂಡದ್ದೇ ಹೊಯ್ದುಕೊಂಡದ್ದು. ನನ್ನ ಜಂಬ ಬಾಯಿ ಬಿಡಲಿಲ್ಲ.

ಇವತ್ತು ಮಧ್ಯಾಹ್ನ ಊಟಕ್ಕೆ ಹೋದವನು ಕೈ ತೊಳೆಯುವ ಮೊದಲೇ ಹೇಳಿಬಿಟ್ಟೆ: "ಆಯಿ, ಅವತ್ತು ತಪ್ಪು ನಿಂದಲ್ಲ. ಮುಚ್ಚಳ ಸರಿ ಹಾಕದೇ ಇದ್ದದ್ದು ನಾನು."

ಆಯಿ ಮಜ್ಜಿಗೆ ಬಡಿಸುತ್ತಲೇ ಹೇಳಿದಳು: "ಕಂಡಿತ್ತು ನಂಗೆ. ಬಾಯಿ ತೆರಕಂಡು ಕೂತಿತ್ತು ಅದು. ನೈವೇದ್ಯಕ್ಕೇ ಬಾಯಿ ತೆರದ್ದು ಹೇಳಿ ಸರೀ ನೋಡಿ ಕಾಯಿನೀರು ಹೊಯ್ದದ್ದು."